ನದಿ ದಾಟಿದ ಮನೆಶಾಲೆ

ಎರಡು ವರ್ಷದ ಹಿಂದಿನ ಜುಲೈನಲ್ಲಿ ಗೆಳತಿಯೊಬ್ಬಳು ಒಂದು ಪತ್ರದ ಕರಡು ಕಳಿಸಿ, "ಅಕ್ಕಾ, ಇದನ್ನೊಮ್ಮೆ ನೋಡಿಕೊಡಿ" ಎಂದಳು. ಅವಳ ಸಂಸಾರ ಆರು ವರ್ಷ ನ್ಯೂಜೆರ್ಸಿಯ ಎಡಿಸನ್‌ನಲ್ಲಿತ್ತು. ಗಂಡನ ಕೆಲಸ ಬದಲಾಗಿ ಡೆಲವೇರ್ ನದಿಯ ಆಚೆಗಿರುವ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದರು. ಒಂಬತ್ತು ವರ್ಷದ ಮಗಳು ಎರಡು ವರ್ಷದಿಂದ ಶಾಲೆಗೆ ಹೋಗದೆ ಮನೆಯಲ್ಲೇ ಓದುತ್ತಿದ್ದಳು. ಹೊಸ ಊರಿನ ಶಾಲಾ ಡಿಸ್ಟ್ರಿಕ್ಟ್‌ಗೆ ಬರೆಯಬೇಕಾಗಿದ್ದ ಪತ್ರ ಅದು. ಭಾಷೆ ಇಂಗ್ಲಿಷಾದರೂ ಒಳಗೆ ಕೂತಿದ್ದದ್ದು ನಮ್ಮ ಹೈಸ್ಕೂಲಿನ ಪತ್ರಲೇಖನವೇ. ಇವರಿಗೆ, ವಿಷಯ, ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ. ಕೊನೆಯ ಸಾಲಿನಲ್ಲಿ, ಮಗಳಿಗೆ ಮನೆಯಲ್ಲಿ ಪಾಠ ಹೇಳಲು ದಯಮಾಡಿ ಅನುಮತಿ ನೀಡಬೇಕು ಎಂಬ ಪ್ರಾರ್ಥನೆ.

ನಾನು ಮೊದಲು ಹೊಡೆದುಹಾಕಿದ್ದು ಆ ಸಾಲನ್ನು. ಪೆನ್ಸಿಲ್ವೇನಿಯಾದ ಕಾಯ್ದೆಯಲ್ಲಿ ಅನುಮತಿ ಎಂಬ ಮಾತೇ ಇಲ್ಲ. ಕೇಳದೆ ಇದ್ದರೆ ಯಾರೂ ಕೊಡಬೇಕಾಗಿಲ್ಲದ್ದನ್ನು ನಾವಾಗಿ ಕೇಳಿದರೆ, ಎದುರು ಕೂತವರು ಕೊಡುವುದೋ ಬಿಡುವುದೋ ಎಂದು ಯೋಚಿಸಲು ಶುರುಮಾಡುತ್ತಾರೆ. ಅರ್ಜಿ ಹಾಕಿ ರೂಢಿಯಾದ ನಾಡಿನಿಂದ ಬಂದ ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ.

ನಾನು ವಕೀಲಳಲ್ಲ. ಇಬ್ಬರು ಮಕ್ಕಳನ್ನು ನ್ಯೂಯಾರ್ಕ್ ರಾಜ್ಯದಲ್ಲಿ ಕೆಲವು ವರ್ಷ ಮನೆಯಲ್ಲೇ ಓದಿಸಿದವಳು, ಅಷ್ಟೇ. ಹೋಮ್‌ಸ್ಕೂಲಿಂಗ್‌ಗೆ ಕನ್ನಡದಲ್ಲಿ ಮನೆಪಾಠ ಎನ್ನೋಣವೆಂದರೆ ನಮ್ಮ ಕಡೆ ಮನೆಪಾಠ ಎಂದರೆ ಸಂಜೆಯ ಟ್ಯೂಷನ್. ಹಾಗಾಗಿ ಇಲ್ಲಿ ಮನೆಶಾಲೆ ಎನ್ನುತ್ತೇನೆ.

ಮೊದಲು, ಎದುರು ಕೂತವರು ಯಾರು ಎಂಬುದು ಗೊತ್ತಿರಬೇಕು. ಶಾಲಾ ಡಿಸ್ಟ್ರಿಕ್ಟ್ ಎಂದರೆ ಜಿಲ್ಲೆಯಲ್ಲ. ನಮ್ಮಲ್ಲಿಯ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯ ಹಾಗೆ ರಾಜ್ಯ ಇಲಾಖೆಯ ಕೆಳಗಿನ ಒಂದು ಮೆಟ್ಟಿಲೂ ಅಲ್ಲ. ಹೆಚ್ಚಿನ ಕಡೆ ಅದು ಊರಿನವರೇ ಚುನಾಯಿಸಿದ ಮಂಡಳಿ, ಮನೆ ತೆರಿಗೆಯ ಬಹುಪಾಲು ಅದರ ಬೊಕ್ಕಸಕ್ಕೆ ಹೋಗುತ್ತದೆ, ಆಡಳಿತ ನಡೆಸಲು ಸೂಪರಿಂಟೆಂಡೆಂಟ್ ಎಂಬ ಅಧಿಕಾರಿ ಇರುತ್ತಾರೆ. ಪೆನ್ಸಿಲ್ವೇನಿಯಾ ಒಂದರಲ್ಲೇ ಇಂಥವು 500 ಇವೆ. ತನ್ನ ಶಾಲೆಗಳ ಮೇಲೆ ಅದರ ಅಧಿಕಾರ ದೊಡ್ಡದು. ಶಾಲೆಯ ಹೊರಗಿರುವ ಮಗುವಿನ ಮೇಲೆ ಮಾತ್ರ, ರಾಜ್ಯದ ಶಾಸನಸಭೆ ಎಷ್ಟು ಅಧಿಕಾರ ಕೊಟ್ಟಿದೆಯೋ ಅಷ್ಟೇ. ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಈ ಲೇಖನದ ಮಿಕ್ಕ ಮಾತೆಲ್ಲ ಈ ವಾಕ್ಯದ ವಿಸ್ತರಣೆ.

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಒಕ್ಕೂಟಕ್ಕೆ ವಹಿಸದ ಅಧಿಕಾರ ರಾಜ್ಯಗಳದ್ದು ಎನ್ನುವ ಹತ್ತನೇ ತಿದ್ದುಪಡಿಯಂತೆ ಶಿಕ್ಷಣ ರಾಜ್ಯಗಳ ಪಾಲಿಗೆ ಬಂತು. ಆದ್ದರಿಂದ 50 ರಾಜ್ಯಕ್ಕೆ 50 ಬಗೆಯ ಕಾನೂನು. ಮನೆಶಾಲೆ ಎಲ್ಲ ಕಡೆಯೂ ಕಾನೂನುಬದ್ಧ, ಆದರೆ ಅದಕ್ಕೆ ತಲುಪುವ ದಾರಿ ಬೇರೆ ಬೇರೆ. ಟೆಕ್ಸಾಸ್ ಮತ್ತು ನ್ಯೂಜೆರ್ಸಿಯಲ್ಲಿ ಡಿಸ್ಟ್ರಿಕ್ಟ್‌ಗೆ ಮೊದಲೇ ತಿಳಿಸಬೇಕೆಂಬ ನಿಯಮವೂ ಇಲ್ಲ. ವರ್ಜೀನಿಯಾ, ಫ್ಲೋರಿಡಾ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ತಿಳಿಸಬೇಕು. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ನಿಜವಾಗಿಯೂ ಒಪ್ಪಿಗೆ ಪಡೆಯಬೇಕು. ಬಾಸ್ಟನ್‌ನ ಸಂಬಂಧಿಕರು ಮಾಡಿದಂತೆ ಡಲ್ಲಾಸ್‌ನಲ್ಲಿ ಮಾಡುವುದು, ಡಲ್ಲಾಸ್‌ನವರು ಧೈರ್ಯ ಹೇಳಿದರೆಂದು ಬಾಸ್ಟನ್‌ನಲ್ಲಿ ಸುಮ್ಮನಿರುವುದು, ಎರಡೂ ತಪ್ಪು. ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಸಲಹೆಯಲ್ಲಿ ಅರ್ಧಕ್ಕೆ ರಾಜ್ಯದ ಹೆಸರೇ ಇರುವುದಿಲ್ಲ.

ಇಷ್ಟು ಭಿನ್ನತೆಯ ಕೆಳಗೆ ಒಂದು ಸಮಾನ ನೆಲಗಟ್ಟೂ ಇದೆ. ಅದನ್ನು ಹಾಕಿದ್ದು ಸುಪ್ರೀಂ ಕೋರ್ಟು, ಸುಮಾರು ನೂರು ವರ್ಷದ ಹಿಂದೆ. ಅದರ ಮೊದಲ ಕಲ್ಲು ತಾಯ್ನುಡಿಯ ಜಗಳವಾಗಿತ್ತು ಎಂಬುದು ನನಗೆ ಯಾವಾಗಲೂ ಕುತೂಹಲದ ಸಂಗತಿ. ಮೊದಲ ಮಹಾಯುದ್ಧದ ಜರ್ಮನ್ ದ್ವೇಷದ ಬಿಸಿಯಲ್ಲಿ ನೆಬ್ರಾಸ್ಕ ರಾಜ್ಯ 1919ರಲ್ಲಿ ಒಂದು ಕಾಯ್ದೆ ತಂದು, ಎಂಟನೇ ತರಗತಿ ದಾಟದ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಆಧುನಿಕ ಭಾಷೆ ಕಲಿಸುವುದನ್ನು ನಿಷೇಧಿಸಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ತಪ್ಪಿಗೆ ರಾಬರ್ಟ್ ಮೇಯರ್ ಎಂಬ ಮೇಷ್ಟರಿಗೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ರದ್ದುಮಾಡಿತು. ಹದಿನಾಲ್ಕನೇ ತಿದ್ದುಪಡಿಯಲ್ಲಿ ಬರುವ ಸ್ವಾತಂತ್ರ್ಯ ಎಂಬ ಮಾತಿನಲ್ಲಿ ಮಕ್ಕಳನ್ನು ಬೆಳೆಸುವ, ಓದಿಸುವ ಹಕ್ಕೂ ಅಡಗಿದೆ ಎಂದಿತು. ಎರಡು ವರ್ಷದ ನಂತರ ಒರೆಗಾನ್ ರಾಜ್ಯದ ಸರದಿ. ಅಲ್ಲಿ 1922ರ ಕಾಯ್ದೆ, ಮಕ್ಕಳೆಲ್ಲ ಸರಕಾರಿ ಶಾಲೆಗೇ ಹೋಗಬೇಕು ಎಂದು ಕಟ್ಟುಮಾಡಿತ್ತು. ಕ್ರೈಸ್ತ ಸನ್ಯಾಸಿನಿಯರ ಶಾಲೆಯೊಂದು ದಾವೆ ಹೂಡಿತು. 1925ರ ಆ ತೀರ್ಪಿನ ಒಂದು ವಾಕ್ಯ ಇಂದಿಗೂ ಮನೆಶಾಲೆಯವರ ಬಾಯಲ್ಲಿದೆ: ಮಗು ಕೇವಲ ಸರಕಾರದ ಸೃಷ್ಟಿಯಲ್ಲ.

ಅದೇ ತೀರ್ಪಿನ ಇನ್ನೊಂದು ಮಾತನ್ನು ಅವರು ಅಷ್ಟಾಗಿ ಎತ್ತುವುದಿಲ್ಲ. ಶಾಲೆಗಳನ್ನು ವಿವೇಚನೆಯಿಂದ ನಿಯಂತ್ರಿಸುವ, ಪರಿಶೀಲಿಸುವ, ಮಕ್ಕಳು ಯಾವುದಾದರೂ ಒಂದು ಶಾಲೆಗೆ ಹೋಗಲೇಬೇಕೆನ್ನುವ ಅಧಿಕಾರ ರಾಜ್ಯಕ್ಕಿದೆ ಎಂಬುದನ್ನು ಕೋರ್ಟು ಪ್ರಶ್ನಿಸಲಿಲ್ಲ. 1972ರಲ್ಲಿ ವಿಸ್ಕಾನ್ಸಿನ್‌ನ ಆಮಿಶ್ ಎಂಬ ಕ್ರೈಸ್ತ ಪಂಗಡದ ಮೂವರು ತಂದೆಯರು, ಎಂಟನೇ ತರಗತಿಯ ನಂತರ ಮಕ್ಕಳನ್ನು ಹೈಸ್ಕೂಲಿಗೆ ಕಳಿಸುವುದಿಲ್ಲ ಎಂದು ತಲಾ 5 ಡಾಲರ್ ದಂಡದ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದರು. ಆದರೆ ಶತಮಾನಗಳಿಂದ ನಡೆದುಬಂದ ಅವರ ಧಾರ್ಮಿಕ ಬದುಕಿನ ಕ್ರಮವೇ ಅಲ್ಲಿ ಮುಖ್ಯ ಆಧಾರವಾಗಿತ್ತು. ನಮಗೆ ಶಾಲೆಯ ಗಣಿತ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಆ ತೀರ್ಪನ್ನು ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ. ಮನೆಶಾಲೆ ಮೂಲಭೂತ ಹಕ್ಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು ನೇರ ಉತ್ತರ ಕೊಟ್ಟೇ ಇಲ್ಲ. ಆದ್ದರಿಂದ ಡಿಸ್ಟ್ರಿಕ್ಟ್ ಜೊತೆ ವ್ಯವಹರಿಸುವಾಗ ಸಂವಿಧಾನವನ್ನು ಝಳಪಿಸುವುದಕ್ಕಿಂತ ರಾಜ್ಯದ ಕಾಯ್ದೆಯ ಕಲಮು ಹಿಡಿದು ಮಾತಾಡುವುದು ಲೇಸು.

ಗೆಳತಿಯ ಕಥೆಗೆ ಬರೋಣ. ನದಿಯ ಈಚೆ, ನ್ಯೂಜೆರ್ಸಿಯಲ್ಲಿ, ಅವಳು ಎರಡು ವರ್ಷ ಯಾರಿಗೂ ಯಾವ ವರದಿಯನ್ನೂ ಕೊಟ್ಟಿರಲಿಲ್ಲ. ಅಲ್ಲಿಯ ಕಾಯ್ದೆ ಹೇಳುವುದು ಇಷ್ಟೇ: ಮಗು ಶಾಲೆಗೆ ಹೋಗಬೇಕು, ಇಲ್ಲವೇ ಶಾಲೆಯ ಹೊರಗೆ ತತ್ಸಮಾನ ಬೋಧನೆ ಪಡೆಯಬೇಕು. ತತ್ಸಮಾನ ಎಂದರೇನು? 1967ರಲ್ಲಿ ಪೆಕ್ವಾನಾಕ್ ಎಂಬ ಊರಿನ ತಾಯಿಯೊಬ್ಬಳ ಮೊಕದ್ದಮೆಯಲ್ಲಿ ಇದು ತೀರ್ಮಾನವಾಯಿತು. ಮಾಸಾ ಪ್ರಕರಣ ಎಂದೇ ಅದು ಹೆಸರಾಗಿದೆ. ಹನ್ನೆರಡು ವರ್ಷದ ಮಗಳಿಗೆ ಮನೆಯಲ್ಲಿ ಪಾಠ ಹೇಳುತ್ತಿದ್ದ ಆ ತಾಯಿ ಹೈಸ್ಕೂಲು ಮುಗಿಸಿದವಳು, ಶಿಕ್ಷಕಿಯ ತರಬೇತಿ ಇರಲಿಲ್ಲ. ಮನೆಯಲ್ಲಿ ಓರಗೆಯ ಮಕ್ಕಳ ಸಹವಾಸ ಸಿಗುವುದಿಲ್ಲ, ಹಾಗಾಗಿ ಇದು ಶಾಲೆಗೆ ಸಮಾನವಲ್ಲ ಎಂಬುದು ಎದುರಾಳಿಯ ವಾದ. ನ್ಯಾಯಾಧೀಶರು ಒಪ್ಪಲಿಲ್ಲ. ಸಹವಾಸವೂ ಸಮಾನವಾಗಿರಬೇಕೆಂದರೆ ಮನೆಯಲ್ಲಿ ಕಲಿಸುವುದೇ ಅಸಾಧ್ಯವಾಗುತ್ತದೆ, ಶಾಸನಸಭೆಯ ಉದ್ದೇಶ ಅದಾಗಿರಲಾರದು, ಸಮಾನವಾಗಿರಬೇಕಾದ್ದು ವಿದ್ಯೆ ಮಾತ್ರ ಎಂದರು. ಪೋಷಕರು ಪಾಠ ನಡೆಯುತ್ತಿರುವುದಕ್ಕೆ ಒಂದಿಷ್ಟು ಆಧಾರ ತೋರಿಸಿದರೆ ಸಾಕು, ಅದು ಸಾಲದು ಎಂದು ರುಜುವಾತು ಮಾಡುವ ಹೊರೆ ಕೊನೆಗೂ ಸರಕಾರದ್ದೇ. "ಮಗು ಜನರ ಜೊತೆ ಬೆರೆಯುವುದು ಹೇಗೆ?" ಎಂದು ಊರಿಂದ ಫೋನ್ ಮಾಡುವ ಅತ್ತೆಯವರಿಗೆ ಈ ತೀರ್ಪು ಉತ್ತರವಾಗದಿರಬಹುದು. ಆದರೆ ಆ ಪ್ರಶ್ನೆ ಕೇಳುವ ಅಧಿಕಾರಿಗೆ ಉತ್ತರ.

ನ್ಯೂಜೆರ್ಸಿಯಲ್ಲೂ ಒಂದು ಕೆಲಸ ಮಾತ್ರ ತಪ್ಪಿಸಬಾರದು, ಇದು ಬಹುತೇಕ ಎಲ್ಲ ರಾಜ್ಯಕ್ಕೂ ಸಲ್ಲುವ ಮಾತು. ಮಗು ಈಗಾಗಲೇ ಶಾಲೆಯ ದಾಖಲೆಯಲ್ಲಿದ್ದರೆ, ಬಿಡಿಸಿಕೊಳ್ಳುತ್ತಿದ್ದೇವೆ ಎಂದು ಲಿಖಿತವಾಗಿ ತಿಳಿಸಿಯೇ ಬಿಡಿಸಬೇಕು. ಸುಮ್ಮನೆ ಕಳಿಸುವುದನ್ನು ನಿಲ್ಲಿಸಿದರೆ ಶಾಲೆಯ ಕಂಪ್ಯೂಟರು ದಿನಕ್ಕೊಂದು ಗೈರುಹಾಜರಿ ಎಣಿಸುತ್ತ ಹೋಗುತ್ತದೆ. ಇಂತಿಷ್ಟು ಆದ ಮೇಲೆ ಹಾಜರಾತಿ ಅಧಿಕಾರಿಗೆ, ಅಲ್ಲಿಂದ ಕೋರ್ಟಿಗೆ ಕಾಗದ ಹೋಗುತ್ತದೆ. ಮನೆಶಾಲೆಯವರು ಸಿಕ್ಕಿಬೀಳುವ ತೊಡಕುಗಳಲ್ಲಿ ಬಹಳಷ್ಟು ತತ್ವದ ಹೋರಾಟಗಳಲ್ಲ, ಹೀಗೆ ಕೊಡದೆ ಉಳಿದ ಒಂದು ಹಾಳೆಯ ಫಲ. ಪತ್ರವನ್ನು ಸ್ವೀಕೃತಿ ಚೀಟಿ ಬರುವ ಅಂಚೆಯಲ್ಲೇ ಕಳಿಸಬೇಕು. ಬಾಯಿಮಾತಿನಲ್ಲಿ "ಸರಿ ಬಿಡಿ" ಎಂದ ಗುಮಾಸ್ತೆ ಮುಂದಿನ ವರ್ಷ ಆ ಕುರ್ಚಿಯಲ್ಲಿ ಇರುವುದಿಲ್ಲ.

ನದಿಯ ಆಚೆಯ ಕಾಯ್ದೆ ಬೇರೆಯೇ ಜಾತಿಯದು. 1980ರ ದಶಕದವರೆಗೆ ಪೆನ್ಸಿಲ್ವೇನಿಯಾದಲ್ಲಿ ಮನೆಯಲ್ಲಿ ಕಲಿಸುವವರು 'ಸೂಕ್ತ ಅರ್ಹತೆ ಉಳ್ಳವರು' ಆಗಿರಬೇಕು ಎಂದಷ್ಟೇ ಇತ್ತು. ಸೂಕ್ತ ಎಂದರೆ ಏನು ಎಂಬುದನ್ನು ಆಯಾ ಸೂಪರಿಂಟೆಂಡೆಂಟ್ ತೀರ್ಮಾನಿಸುತ್ತಿದ್ದರು. ಒಂದು ಡಿಸ್ಟ್ರಿಕ್ಟ್‌ನಲ್ಲಿ ಸಲ್ಲುವ ತಾಯಿ ಪಕ್ಕದ ಡಿಸ್ಟ್ರಿಕ್ಟ್‌ನಲ್ಲಿ ಸಲ್ಲುತ್ತಿರಲಿಲ್ಲ. ಆ ನಿಯಮ ತೀರ ಅಸ್ಪಷ್ಟ, ಅಸಾಂವಿಧಾನಿಕ ಎಂದು 1988ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಅದೇ ವರ್ಷ ಶಾಸನಸಭೆ ಹೊಸ ಕಾಯ್ದೆ ತಂದಿತು, ಅದರ ಸಂಖ್ಯೆ 169. ಈಗ ನಡೆಯುವುದೆಲ್ಲ ಅದರಡಿಯಲ್ಲೇ.

ಅದರ ಪ್ರಕಾರ ಮನೆಶಾಲೆ ಶುರುಮಾಡುವ ಮೊದಲು, ಆಮೇಲೆ ಪ್ರತಿ ವರ್ಷ ಆಗಸ್ಟ್ 1ರೊಳಗೆ, ಸೂಪರಿಂಟೆಂಡೆಂಟ್‌ಗೆ ಅಫಿಡವಿಟ್ ಕೊಡಬೇಕು. ಗೆಳತಿಯ ವಿನಂತಿಪತ್ರದ ಜಾಗಕ್ಕೆ ಬಂದದ್ದು ಇದು. ಒಳಗಿರಬೇಕಾದ್ದು: ಮೇಲ್ವಿಚಾರಣೆ ಮಾಡುವ ಪೋಷಕರ ಹೆಸರು, ಮಗುವಿನ ಹೆಸರು ಮತ್ತು ವಯಸ್ಸು, ವಿಳಾಸ, ದೂರವಾಣಿ. ಕಾಯ್ದೆ ಹೇಳಿದ ವಿಷಯಗಳನ್ನು ಇಂಗ್ಲಿಷಿನಲ್ಲಿ ಕಲಿಸಲಾಗುವುದು ಎಂಬ ಮಾತು. ವಿಷಯವಾರು ಕಲಿಕೆಯ ಉದ್ದೇಶಗಳ ಸ್ಥೂಲ ರೂಪರೇಖೆ. ಲಸಿಕೆ ಮತ್ತು ಆರೋಗ್ಯ ತಪಾಸಣೆಯ ಪುರಾವೆ. ಮನೆಯಲ್ಲಿರುವ ವಯಸ್ಕರಿಗೆ ಕಳೆದ 5 ವರ್ಷದಲ್ಲಿ ಕಾಯ್ದೆ ಹೆಸರಿಸಿದ ಅಪರಾಧಗಳಿಗೆ ಶಿಕ್ಷೆಯಾಗಿಲ್ಲ ಎಂಬ ದೃಢೀಕರಣ. ಮೇಲ್ವಿಚಾರಕರಿಗೆ ಹೈಸ್ಕೂಲ್ ಡಿಪ್ಲೊಮಾ ಅಥವಾ ತತ್ಸಮಾನ ವಿದ್ಯಾರ್ಹತೆ ಇರಬೇಕು, ಅಷ್ಟೇ. ಬಿ.ಇ. ಓದಿದ ನನ್ನ ಗೆಳತಿ, ಇಲ್ಲಿಯ ಶಿಕ್ಷಕರ ಪರವಾನಗಿ ಪಡೆಯಬೇಕೇನೋ ಎಂದು ಒಂದು ತಿಂಗಳು ನಿದ್ದೆಗೆಟ್ಟಿದ್ದಳು.

ಇಲ್ಲೊಂದು ಸೂಕ್ಷ್ಮವಿದೆ. ಆ ರೂಪರೇಖೆಯ ಬಗ್ಗೆ ಕಾಯ್ದೆಯೇ ಒಂದು ಬೇಲಿ ಹಾಕಿದೆ: ಮನೆಶಾಲೆ ನಿಯಮ ಪಾಲಿಸುತ್ತಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಸೂಪರಿಂಟೆಂಡೆಂಟ್ ಅದನ್ನು ಬಳಸುವಂತಿಲ್ಲ. ಅಂದರೆ ಭಿನ್ನರಾಶಿ ಕಲಿಸುತ್ತೇವೆ ಎಂದು ಬರೆದು, ಮಗುವಿಗೆ ಅದು ಜನವರಿಯಲ್ಲೂ ಹತ್ತದಿದ್ದರೆ ಯಾರೂ ಆ ಹಾಳೆ ಹಿಡಿದು ಬರುವಂತಿಲ್ಲ. ಗೆಳತಿ ಮೊದಲು ಬರೆದಿದ್ದ ರೂಪರೇಖೆ ಹನ್ನೊಂದು ಪುಟವಿತ್ತು, ವಾರವಾರದ ಲೆಕ್ಕ ಸಮೇತ. ನಾವು ಅದನ್ನು ಒಂದೂವರೆ ಪುಟಕ್ಕೆ ಇಳಿಸಿದೆವು. ಅವಳಿಗೆ ಸಂಕಟವಾಯಿತು. ಹೆಚ್ಚು ಕೊಟ್ಟರೆ ಹೆಚ್ಚು ಅಂಕ ಬರುತ್ತದೆ ಎಂದು ನಂಬಿ ಬೆಳೆದವರು ನಾವು, ಅಡಿಷನಲ್ ಶೀಟ್ ಕೇಳಿ ಬರೆದವರು.

ಕಾಯ್ದೆಯ ವಿಷಯಗಳ ಪಟ್ಟಿ ಓದಲು ಮಜವಾಗಿದೆ. ಇಂಗ್ಲಿಷ್, ಗಣಿತ, ವಿಜ್ಞಾನ, ಭೂಗೋಳ, ಅಮೆರಿಕದ ಮತ್ತು ಪೆನ್ಸಿಲ್ವೇನಿಯಾದ ಇತಿಹಾಸ, ಪೌರನೀತಿ, ಆರೋಗ್ಯ, ವ್ಯಾಯಾಮ, ಸಂಗೀತ, ಚಿತ್ರಕಲೆ. ಇವೆಲ್ಲದರ ನಡುವೆ ಬೆಂಕಿ ಅನಾಹುತದ ಅಪಾಯ ಮತ್ತು ತಡೆಯ ಬಗ್ಗೆ ನಿಯತವಾದ, ನಿರಂತರವಾದ ಪಾಠ. ಯಾವ ಶಾಸಕರ ಯಾವ ಚಿಂತೆ ಇದನ್ನು ಅಲ್ಲಿ ತಂದು ಕೂರಿಸಿತೋ! ಗೆಳತಿ ಇದನ್ನು ಅಡುಗೆಮನೆಯಲ್ಲಿ, ಒಗ್ಗರಣೆ ಸೌಟಿನ ಪಕ್ಕದಲ್ಲೇ ಮುಗಿಸಿದಳು.

ಅಫಿಡವಿಟ್ ಹೋದ ಎರಡು ವಾರಕ್ಕೆ ಡಿಸ್ಟ್ರಿಕ್ಟ್‌ನಿಂದ ಉತ್ತರ ಬಂತು. ಸೌಜನ್ಯದ ಪತ್ರವೇ. ಆದರೆ ಮೂರು ಬೇಡಿಕೆ ಇದ್ದವು: ಮಗುವಿನ ಜನನ ಪ್ರಮಾಣಪತ್ರ, ವಾರದ ವೇಳಾಪಟ್ಟಿ, ಮತ್ತು ತರಗತಿ ಶುರುವಾಗುವ ಮೊದಲು ಮಗುವಿನೊಂದಿಗೆ ಕಚೇರಿಗೆ ಬಂದು ಒಂದು ಭೇಟಿ. ಕಾಯ್ದೆಯಲ್ಲಿ ಈ ಮೂರೂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಂಥಲ್ಲೇ ಹುಟ್ಟಿರಬೇಕು. ಇದರ ಹಿಂದೆ ದುರುದ್ದೇಶ ಇತ್ತೆಂದು ನಾನು ನಂಬುವುದಿಲ್ಲ. ಹೊಸದಾಗಿ ಶಾಲೆಗೆ ಸೇರುವ ಮಕ್ಕಳಿಗೆಂದು ಮಾಡಿದ ನಮೂನೆಯನ್ನೇ ಯಾರೋ ಮನೆಶಾಲೆಯವರಿಗೂ ಕಳಿಸಿರುತ್ತಾರೆ. ಡಿಸ್ಟ್ರಿಕ್ಟ್ ತನ್ನದೇ ಒಂದು ನೀತಿ ಎಂದು ಬರೆದಿಟ್ಟುಕೊಂಡಿರುತ್ತದೆ, ಅದು ಕಾಯ್ದೆಗಿಂತ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ನನಗೂ ನ್ಯೂಯಾರ್ಕ್‌ನಲ್ಲಿ ಒಮ್ಮೆ ಹೀಗೇ ಆಗಿತ್ತು. ಬಂದ ನಮೂನೆಯಲ್ಲಿ ನನ್ನ ಪದವಿಯ ಅಂಕಪಟ್ಟಿ ಕೇಳಿದ್ದರು.

ವರ್ಜೀನಿಯಾದಲ್ಲಿ ಇಂಥದ್ದೇ ಜಗಳ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಫ್ರಾಂಕ್ಲಿನ್ ಕೌಂಟಿಯ ಶಾಲಾ ಮಂಡಳಿ, ಮನೆಶಾಲೆಯವರು ಜನನ ಪ್ರಮಾಣಪತ್ರವನ್ನೂ ವಾಸದ ಪುರಾವೆಯನ್ನೂ ಕೊಡಬೇಕೆಂದು ತನ್ನ ನೀತಿಯಲ್ಲಿ ಸೇರಿಸಿತ್ತು. ಪೋಷಕರು ಪ್ರಶ್ನಿಸಿದರು. ಕಾಯ್ದೆ ಕೇಳದ್ದನ್ನು ಕೇಳುವ ಅಧಿಕಾರ ಮಂಡಳಿಗೆ ಇಲ್ಲ ಎಂದು 2019ರಲ್ಲಿ ತೀರ್ಪು ಬಂತು. ಆ ತೀರ್ಪು ಪೆನ್ಸಿಲ್ವೇನಿಯಾವನ್ನು ಕಟ್ಟಿಹಾಕುವುದಿಲ್ಲ, ಆದರೆ ತರ್ಕ ಅದೇ.

ಉತ್ತರ ಹೇಗೆ ಬರೆಯಬೇಕು ಎಂಬುದರಲ್ಲಿ ನನ್ನ ಅನುಭವ ಇಷ್ಟು: ಚಿಕ್ಕದಾಗಿ, ಸಿಟ್ಟಿಲ್ಲದೆ, ಕಲಮಿನ ಸಂಖ್ಯೆಯೊಂದಿಗೆ. ಗೆಳತಿಯ ಉತ್ತರದಲ್ಲಿ ನಾಲ್ಕೇ ವಾಕ್ಯ ಇದ್ದವು. ಪತ್ರ ತಲುಪಿತು, ವಂದನೆಗಳು. ಇಂಥ ಕಲಮಿನಂತೆ ಸಲ್ಲಿಸಬೇಕಾದ್ದನ್ನೆಲ್ಲ ಇಂಥ ದಿನ ಸಲ್ಲಿಸಿದ್ದೇವೆ. ಉಳಿದ ಮೂರು ಅಂಶಗಳನ್ನು ಯಾವ ಕಲಮಿನಡಿ ಕೇಳಿದ್ದೀರೆಂದು ದಯವಿಟ್ಟು ತಿಳಿಸಿ. ವರ್ಷದ ಕೊನೆಗೆ ಮೌಲ್ಯಮಾಪನದ ಪ್ರಮಾಣಪತ್ರ ಕಳಿಸುತ್ತೇವೆ. ಮೂರನೆಯ ವಾಕ್ಯವೇ ಇಡೀ ಪತ್ರದ ಬೆನ್ನುಮೂಳೆ. ಕೊಡುವುದಿಲ್ಲ ಎಂದರೆ ಜಗಳ, ಆಧಾರ ತಿಳಿಸಿ ಎಂದರೆ ಅದು ಕಚೇರಿಯ ವ್ಯವಹಾರ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹತ್ತು ದಿನಕ್ಕೆ ಒಂದು ಸಾಲಿನ ಸ್ವೀಕೃತಿ ಬಂತು. ಮೂರು ಬೇಡಿಕೆಗಳ ಸುದ್ದಿ ಅದರಲ್ಲಿ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಏಕೆಂದರೆ ಹಕ್ಕಿನ ಮಾತಾಡುವವರು ಇದನ್ನು ನುಂಗಿಬಿಡುತ್ತಾರೆ. ಕಾಯ್ದೆ ಕೇಳಿದ್ದನ್ನು ಕೊಡಲೇಬೇಕು. ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೆ 180 ದಿನ, ಅಥವಾ ಪ್ರಾಥಮಿಕ ಹಂತದಲ್ಲಿ 900 ಗಂಟೆ, ಮೇಲಿನ ಹಂತದಲ್ಲಿ 990 ಗಂಟೆ ಪಾಠವಾಗಬೇಕು. ಮಗುವಿನ ಬರಹ, ಅಭ್ಯಾಸದ ಹಾಳೆಗಳು, ಓದಿದ ಪುಸ್ತಕಗಳ ಪಟ್ಟಿ ಇರುವ ಒಂದು ಕಡತ ಇಡಬೇಕು. ಮೂರು, ಐದು, ಎಂಟನೇ ತರಗತಿಗಳಲ್ಲಿ ಪ್ರಮಾಣೀಕೃತ ಪರೀಕ್ಷೆ ಬರೆಸಬೇಕು. ಪರವಾನಗಿ ಪಡೆದ ಶಿಕ್ಷಕರಂಥ ಅರ್ಹ ಮೌಲ್ಯಮಾಪಕರೊಬ್ಬರು ಮಗುವನ್ನು ಮಾತಾಡಿಸಿ, ಕಡತ ನೋಡಿ, ಸೂಕ್ತ ಶಿಕ್ಷಣ ನಡೆದಿದೆ ಎಂದು ಬರೆದುಕೊಡಬೇಕು. ಆ ಹಾಳೆ ಜೂನ್ 30ರೊಳಗೆ ಡಿಸ್ಟ್ರಿಕ್ಟ್‌ಗೆ ತಲುಪಬೇಕು. ಮೌಲ್ಯಮಾಪಕರನ್ನು ಆರಿಸುವವರು ಪೋಷಕರೇ, ಆದರೆ ತಮ್ಮನ್ನೇ ಅಥವಾ ಗಂಡ-ಹೆಂಡತಿಯನ್ನೇ ಆರಿಸಿಕೊಳ್ಳುವಂತಿಲ್ಲ.

ಮೊದಲು ಆ ಕಡತವನ್ನೇ ಸೂಪರಿಂಟೆಂಡೆಂಟ್ ಪರಿಶೀಲಿಸುತ್ತಿದ್ದರು. ಆರು ಕುಟುಂಬಗಳು, ಮಕ್ಕಳ ಶಿಕ್ಷಣ ದೇವರು ನಮಗೊಪ್ಪಿಸಿದ ಹೊಣೆ, ಸರಕಾರ ಅದನ್ನು ತಿದ್ದಿ ನೋಡುವಂತಿಲ್ಲ ಎಂದು ಫೆಡರಲ್ ನ್ಯಾಯಾಲಯಕ್ಕೆ ಹೋದವು. 2008ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತವು. ರಾಜ್ಯಕ್ಕೆ ಪರಿಶೀಲಿಸುವ ಅಧಿಕಾರ ಇದೆ ಎಂದಿತು ತೀರ್ಪು. ಕೋರ್ಟಿನಲ್ಲಿ ಸಿಗದ್ದು ಆರು ವರ್ಷದ ನಂತರ ಶಾಸನಸಭೆಯಲ್ಲಿ ಸಿಕ್ಕಿತು: 2014ರ ತಿದ್ದುಪಡಿ ಸೂಪರಿಂಟೆಂಡೆಂಟ್ ಕಡತ ನೋಡುವುದನ್ನು ಕೈಬಿಟ್ಟು, ಮೌಲ್ಯಮಾಪಕರ ಪ್ರಮಾಣಪತ್ರ ಸಾಕು ಎಂದಿತು. ಅಮೆರಿಕದ ಮನೆಶಾಲೆಯ ಇತಿಹಾಸದಲ್ಲಿ ಕೋರ್ಟಿನ ಗೆಲುವುಗಳ ಕಥೆಯೇ ಹೆಚ್ಚು ಕೇಳಿಬರುತ್ತದೆ. ನನ್ನ ಲೆಕ್ಕದಲ್ಲಿ ಹೆಚ್ಚು ಕೆಲಸ ಆದದ್ದು ಶಾಸಕರ ಕಚೇರಿಗಳಲ್ಲಿ.

ಶಿಕ್ಷಣ ಸರಿಯಾಗಿ ನಡೆಯುತ್ತಿಲ್ಲ ಎಂದು ನಂಬಲು ಸಕಾರಣ ಇದ್ದರೆ ಈಗಲೂ ಸೂಪರಿಂಟೆಂಡೆಂಟ್ ವರ್ಷದ ನಡುವೆ ಮೌಲ್ಯಮಾಪನ ಕೇಳಬಹುದು. ಅದನ್ನು ಸ್ವೀಕೃತಿ ಚೀಟಿ ಬರುವ ಸರ್ಟಿಫೈಡ್ ಅಂಚೆಯಲ್ಲಿ ಬರೆದು ಕೇಳಬೇಕು, ಪೋಷಕರಿಗೆ 30 ದಿನ ಸಿಗುತ್ತದೆ. ಅದರಲ್ಲೂ ತೃಪ್ತಿಯಾಗದಿದ್ದರೆ ನಿಷ್ಪಕ್ಷಪಾತಿ ಅಧಿಕಾರಿಯ ಮುಂದೆ ವಿಚಾರಣೆಯಾಗಬೇಕು. ದೂರು ಕೊಟ್ಟವರೇ ನ್ಯಾಯ ಹೇಳುವ ಹಾಗಿಲ್ಲ.

ಎಲ್ಲರಿಗೂ ಇರುವ ದೊಡ್ಡ ಹೆದರಿಕೆ ಮನೆಗೆ ಬರುವ ಅಧಿಕಾರಿಯದು. ಮ್ಯಾಸಚೂಸೆಟ್ಸ್ ಒಪ್ಪಿಗೆ ಕೇಳುವ ರಾಜ್ಯ ಎಂದೆನಲ್ಲ, ಅಲ್ಲೇ ಲಿನ್ ಎಂಬ ನಗರದ ಶಾಲಾ ಮಂಡಳಿ, ಮನೆಗೆ ಬಂದು ಪಾಠ ನೋಡಲು ಬಿಟ್ಟರೆ ಮಾತ್ರ ಒಪ್ಪಿಗೆ ಎಂದು ಷರತ್ತು ಹಾಕಿತ್ತು. ರಾಜ್ಯದ ಅತ್ಯುನ್ನತ ನ್ಯಾಯಾಲಯ 1998ರಲ್ಲಿ ಆ ಷರತ್ತನ್ನು ತಳ್ಳಿಹಾಕಿತು. ಪಠ್ಯಕ್ರಮ, ಗಂಟೆಗಳು, ಪೋಷಕರ ಯೋಗ್ಯತೆ, ಪುಸ್ತಕಗಳು, ಮೌಲ್ಯಮಾಪನದ ಕ್ರಮ ಇವನ್ನು ನೋಡಬಹುದೆಂದು 1987ರಲ್ಲಿ ಅದೇ ನ್ಯಾಯಾಲಯ ಹೇಳಿತ್ತು, ಮನೆಯೊಳಗೆ ಬಂದು ಕೂರುವುದು ಅದರಲ್ಲಿ ಸೇರದು. ನ್ಯೂಯಾರ್ಕ್‌ನಲ್ಲಿ ಮಗುವಿನ ಪ್ರಗತಿ ಸಾಲದೆ ಮನೆಶಾಲೆಯನ್ನು ಪರೀಕ್ಷಾರ್ಥ ಅವಧಿಯಲ್ಲಿ ಇಟ್ಟಿದ್ದರೆ ಮಾತ್ರ, ಅದೂ ಸಕಾರಣವಿದ್ದು, 3 ದಿನ ಮೊದಲು ಲಿಖಿತ ಸೂಚನೆ ಕೊಟ್ಟು, ಮನೆಭೇಟಿ ಕೇಳಬಹುದು.

ಮಕ್ಕಳ ರಕ್ಷಣಾ ಇಲಾಖೆಯವರು ಬರುವುದು ಬೇರೆ ಸಂಗತಿ, ಅವರು ಡಿಸ್ಟ್ರಿಕ್ಟ್‌ನ ಕೈಕೆಳಗಿನವರಲ್ಲ. ಸಕಾರಣವಿಲ್ಲದೆ ಮನೆ ಹೊಕ್ಕು ಶೋಧಿಸಬಾರದು ಎನ್ನುವ ಸಂವಿಧಾನದ ನಾಲ್ಕನೇ ತಿದ್ದುಪಡಿ ಅವರಿಗೂ ಅನ್ವಯಿಸುತ್ತದೆ ಎಂದು 1999ರಲ್ಲಿ ಪಶ್ಚಿಮದ ರಾಜ್ಯಗಳ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕ್ಯಾಲಿಫೋರ್ನಿಯಾದ ಒಂದು ಕುಟುಂಬದ ಪ್ರಕರಣದಲ್ಲಿ ಹೇಳಿದೆ. ಒಪ್ಪಿಗೆ, ವಾರಂಟ್ ಅಥವಾ ಕಣ್ಣೆದುರಿನ ಅಪಾಯ, ಈ ಮೂರರಲ್ಲಿ ಒಂದು ಇರಬೇಕು. ಬಾಗಿಲಲ್ಲಿ ನಿಂತು ಸಮಾಧಾನವಾಗಿ ಮಾತಾಡಿ, ಗುರುತಿನ ಚೀಟಿ ಕೇಳಿ, ದೂರು ಏನೆಂದು ಕೇಳಿ, ವಕೀಲರನ್ನು ಕರೆಸಿ. ಬಂದವರನ್ನು ಒಳಗೆ ಕರೆದು ಕಾಫಿ ಕೊಡುವುದು ನಮ್ಮ ಸಂಸ್ಕಾರ. ಆದರೆ ಕಾನೂನಿನ ಕಣ್ಣಿನಲ್ಲಿ ಒಳಗೆ ಬನ್ನಿ ಎನ್ನುವುದೇ ಒಪ್ಪಿಗೆ.

ಈ ಬಾಗಿಲು ಕೆಟ್ಟವರನ್ನೂ ಕಾಯುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಪೆರಿಸ್ ಎಂಬ ಊರಿನಲ್ಲಿ 13 ಮಕ್ಕಳನ್ನು ತಂದೆ-ತಾಯಿಯೇ ಕೂಡಿಹಾಕಿ, ಕೆಲವರನ್ನು ಸರಪಳಿಯಲ್ಲಿ ಕಟ್ಟಿ, ಹಸಿವಿನಲ್ಲಿ ಇಟ್ಟಿದ್ದು ಬೆಳಕಿಗೆ ಬಂದಾಗ, ಆ ಮನೆ ದಾಖಲೆಯಲ್ಲಿ ಖಾಸಗಿ ಶಾಲೆಯಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮನೆಶಾಲೆ ನಡೆಸುವ ಒಂದು ದಾರಿಯೇ ಅದು, ಪ್ರತಿ ಅಕ್ಟೋಬರ್ ಮೊದಲ ಹದಿನೈದು ದಿನದಲ್ಲಿ ಖಾಸಗಿ ಶಾಲೆಯ ಅಫಿಡವಿಟ್ ಸಲ್ಲಿಸುವುದು. 2008ರ ಫೆಬ್ರವರಿಯಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಶಿಕ್ಷಕರ ಪರವಾನಗಿ ಇಲ್ಲದ ಪೋಷಕರಿಗೆ ಇದು ಸಲ್ಲದು ಎಂದಿತ್ತು, ಆಗಸ್ಟ್‌ನಲ್ಲಿ ಮರುವಿಚಾರಣೆ ಮಾಡಿ ಸಲ್ಲುತ್ತದೆ ಎಂದಿತು. ತಪಾಸಣೆ ಎಷ್ಟಿರಬೇಕು ಎಂಬ ವಾದ ಹಲವು ರಾಜ್ಯಗಳಲ್ಲಿ ಬಿಸಿಯಾಗಿದೆ. ಜನಗಣತಿ ಇಲಾಖೆಯ ಸಮೀಕ್ಷೆಯಲ್ಲಿ ಮನೆಶಾಲೆ ನಡೆಸುತ್ತೇವೆ ಎಂದ ಕುಟುಂಬಗಳು 2020ರ ವಸಂತದಲ್ಲಿ ಶೇ. 5.4 ಇದ್ದದ್ದು ಅದೇ ವರ್ಷದ ಶರತ್ಕಾಲಕ್ಕೆ ಶೇ. 11.1 ಆಯಿತು. ಕೊರೊನಾದ ಆ ವರ್ಷ ಮನೆಶಾಲೆಯನ್ನು ಅಂಚಿನಿಂದ ಪಡಸಾಲೆಗೆ ತಂದಿತು.

ಡಿಸ್ಟ್ರಿಕ್ಟ್‌ನಿಂದ ನಾವು ಏನು ಕೇಳಬಹುದು ಎಂಬುದೂ ಇದೆ. ಮಗುವಿನ ಹಳೆಯ ಶಾಲಾ ದಾಖಲೆಗಳನ್ನು ನೋಡುವ ಹಕ್ಕು 1974ರ ಫೆಡರಲ್ ಕಾಯ್ದೆಯದು, ಕೇಳಿದ 45 ದಿನದೊಳಗೆ ತೋರಿಸಬೇಕು. ಪೆನ್ಸಿಲ್ವೇನಿಯಾದಲ್ಲಿ ಪೋಷಕರು ಕೇಳಿದರೆ ಡಿಸ್ಟ್ರಿಕ್ಟ್ ತನ್ನ ಪಠ್ಯಪುಸ್ತಕಗಳನ್ನು ಎರವಲು ಕೊಡಬೇಕು, ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಆಟ, ಬ್ಯಾಂಡ್, ನಾಟಕಗಳಲ್ಲಿ ಮನೆಶಾಲೆಯ ಮಕ್ಕಳಿಗೂ ಅವಕಾಶ ಅಲ್ಲಿ 2005ರ ಕಾಯ್ದೆಯಿಂದ ಬಂತು. ಫ್ಲೋರಿಡಾದಲ್ಲಿ 1996ರಿಂದಲೇ ಇತ್ತು, ಅಲ್ಲಿ ಮನೆಯಲ್ಲಿ ಓದಿ ಶಾಲೆಯ ತಂಡದಲ್ಲಿ ಫುಟ್ಬಾಲ್ ಆಡಿದ ಟಿಮ್ ಟೀಬೋ ಹೆಸರಿನಲ್ಲೇ ಇಂಥ ಕಾಯ್ದೆಗಳನ್ನು ಕರೆಯುವ ರೂಢಿಯಾಗಿದೆ. ಆದರೆ ರಾಜ್ಯದ ಕಾಯ್ದೆ ಕೊಡದ ಕಡೆ ಇದು ಹಕ್ಕಲ್ಲ. ಒಕ್ಲಹೋಮದ ಪೋಷಕರು ಮಗಳಿಗೆ ಅರ್ಧ ದಿನದ ಶಾಲೆ ಬೇಕೆಂದು ಹೋಗಿ 1998ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ಸೋತರು.

ವಿಶೇಷ ಅಗತ್ಯವುಳ್ಳ ಮಗುವಾದರೆ ಲೆಕ್ಕ ಇನ್ನೂ ಜಟಿಲ. ನೆರವು ಬೇಕಾದ ಮಕ್ಕಳನ್ನು ಗುರುತಿಸುವ ಹೊಣೆ ಡಿಸ್ಟ್ರಿಕ್ಟ್‌ನದು. ಮನೆಶಾಲೆಯ ಮಗುವಿಗೆ ಎಷ್ಟು ಸೇವೆ ಸಿಗುತ್ತದೆ ಎಂಬುದು ಆ ರಾಜ್ಯ ಮನೆಶಾಲೆಯನ್ನು ಖಾಸಗಿ ಶಾಲೆ ಎಂದು ಎಣಿಸುತ್ತದೆಯೇ ಎಂಬುದರ ಮೇಲಿದೆ. ಸೇವೆಯೇ ಬೇಡ ಎಂದ ಪೋಷಕರ ಮಗುವನ್ನು ಬಲವಂತದಿಂದ ತಪಾಸಣೆಗೆ ಒಳಪಡಿಸುವಂತಿಲ್ಲ ಎಂದು 2006ರಲ್ಲಿ ಮಿಸೌರಿಯ ಪ್ರಕರಣವೊಂದರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು.

ನಮ್ಮವರು ನನ್ನನ್ನು ಹೆಚ್ಚು ಕೇಳುವುದು ವೀಸಾದ ಪ್ರಶ್ನೆ. ನಾನು ನೋಡಿದ ಮನೆಶಾಲೆ ಕಾಯ್ದೆಗಳು ಮಗುವಿನ ವಾಸ, ವಯಸ್ಸು ಕೇಳುತ್ತವೆ, ಪೌರತ್ವ ಕೇಳುವುದಿಲ್ಲ. ಎಚ್-4, ಅಂದರೆ ಕೆಲಸಕ್ಕೆ ಬಂದವರ ಅವಲಂಬಿತರಿಗೆ ಸಿಗುವ ವೀಸಾದ ಮೇಲಿರುವ ತಾಯಿ ತನ್ನ ಮಗುವಿಗೆ ಕಲಿಸುವುದು ಸಂಬಳದ ಕೆಲಸವಲ್ಲ. ಪಕ್ಕದ ಮನೆಯ ಮಕ್ಕಳಿಗೆ ಹಣ ಪಡೆದು ಕಲಿಸಲು ಹೊರಟರೆ ಅದು ಬೇರೆ ವಿಷಯ, ವಲಸೆ ವಕೀಲರನ್ನು ಕೇಳಬೇಕು. ಆರು ತಿಂಗಳಿಗೆ ಬಂದ ಅಜ್ಜ ಗಣಿತ ಹೇಳಿಕೊಡಬಹುದು, ಆದರೆ ಪೆನ್ಸಿಲ್ವೇನಿಯಾದ ಅಫಿಡವಿಟ್‌ನಲ್ಲಿ ಮೇಲ್ವಿಚಾರಕರಾಗಿ ಇರಬೇಕಾದ್ದು ತಂದೆ, ತಾಯಿ ಅಥವಾ ಕಾನೂನುಬದ್ಧ ಪಾಲಕರ ಹೆಸರು. ಊರಿಗೆ ಮರಳುವವರಿಗೆ ಒಂದು ಮಾತು: ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ಸೇರಿಸದವರಿಗೆ ಶಿಕ್ಷೆ ಹೇಳುವುದಿಲ್ಲ. ಶಾಲೆಗೆ ಹೋಗದಿದ್ದ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂಬುದೂ ಅದರಲ್ಲಿದೆ. ಕಡತ, ಮೌಲ್ಯಮಾಪಕರ ಪ್ರಮಾಣಪತ್ರ ಜೋಪಾನ ಮಾಡಿಟ್ಟುಕೊಂಡರೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಮಾತು ಸಲೀಸಾಗುತ್ತದೆ.

ಮರುವರ್ಷದ ಜೂನ್‌ನಲ್ಲಿ ಗೆಳತಿಯ ಮಗಳ ಮೌಲ್ಯಮಾಪನ ನಡೆಯಿತು. ನಿವೃತ್ತ ಶಿಕ್ಷಕಿಯೊಬ್ಬರು ಊಟದ ಮೇಜಿನ ಮುಂದೆ ಕೂತು ಕಡತ ತಿರುವಿದರು. ಓದಿದ ಪುಸ್ತಕಗಳ ಪಟ್ಟಿಯಲ್ಲಿ ಪುಸ್ತಕದ ಹೆಸರು ಇರಬೇಕು ಎನ್ನುತ್ತದೆ ಕಾಯ್ದೆ, ಯಾವ ಲಿಪಿಯಲ್ಲಿ ಎಂದು ಹೇಳುವುದಿಲ್ಲ. ಇಂಗ್ಲಿಷ್ ಹೆಸರುಗಳ ನಡುವೆ, ಧಾರವಾಡದಿಂದ ಅಜ್ಜಿ ಕಳಿಸಿದ್ದ ಏಳೆಂಟು ಮಕ್ಕಳ ಪುಸ್ತಕಗಳ ಹೆಸರನ್ನು ಹುಡುಗಿ ದುಂಡನೆಯ ಕನ್ನಡದಲ್ಲಿ ಬರೆದಿದ್ದಳು. ಶಿಕ್ಷಕಿ ಕನ್ನಡಕ ಸರಿಮಾಡಿಕೊಂಡು, ಇದನ್ನು ಓದಿ ಹೇಳು ನೋಡೋಣ ಎಂದರು. ಹುಡುಗಿ ಪಟ್ಟಿ ಬದಿಗಿಟ್ಟು ಪುಸ್ತಕವನ್ನೇ ತರಲು ಒಳಗೆ ಓಡಿದಳು.